ಜೀಪಿನ ಅಡಿ ತಗಡು

ಎರಡು ವಾರದಿಂದ ನಮ್ಮನೆ ಅಂಗಳದಲ್ಲಿ ಜೀಪು ಬಿಚ್ಚಿಟ್ಟುಕೊಂಡು ಕೂತಿದ್ದೀನಿ. ಬಾಡಿ ಒಂದು ಕಡೆ, ಚಾಸಿ ಇನ್ನೊಂದು ಕಡೆ. ರಸ್ತೆಯಲ್ಲಿ ಹೋಗೋರೆಲ್ಲ ಬೈಕ್ ನಿಲ್ಲಿಸಿ ಕೇಳೋದು ಒಂದೇ ಮಾತು: "ಇದನ್ನ ಯಾಕೆ ಇನ್ನೂ ಇಟ್ಕೊಂಡಿದ್ದೀರಿ ಗೌಡ್ರೆ, ಗುಜರಿಗೆ ಹಾಕಿ." ನನ್ನ ತಮ್ಮನೂ ಅದನ್ನೇ ಹೇಳ್ತಾನೆ. ಅವನ ಲೆಕ್ಕ ಕೆಜಿಗೆ ಇಷ್ಟು ಅಂತ. ಎಂಎಂ 540, 1991ರ ಗಾಡಿ. ಅಪ್ಪ 98ರಲ್ಲಿ ಎರಡನೇ ಕೈಯಲ್ಲಿ ತಗೊಂಡಿದ್ದು. ಈ ವರ್ಷ ಮತ್ತೆ ಆರ್‌ಸಿ ನವೀಕರಣಕ್ಕೆ ತೋರಿಸಬೇಕು. ಇಂಜಿನ್ ಇನ್ನೂ ಗಟ್ಟಿ ಇದೆ. ಗೇರ್‌ಬಾಕ್ಸ್ ಸ್ವಲ್ಪ ಕೂಗುತ್ತೆ, ನಡೆಯುತ್ತೆ. ಸತ್ತಿರೋದು ತಗಡು ಮಾತ್ರ.

ತಗಡು ಯಾಕೆ ಸಾಯ್ತದೆ ಅಂತ ಹುಡುಕ್ತಾ ಹೋದೆ. ಒಂದು ಯುದ್ಧ, ಒಂದು ಹಡಗು, ನಮ್ಮ ಮೈಲುತುತ್ತ, ನಮ್ಮ ಕಲಾಯಿ, ಎಲ್ಲ ಬಂತು ಅದರಲ್ಲಿ. ಬರೆದಿಡೋಣ ಅನ್ನಿಸಿತು. ಸ್ವಲ್ಪ ಉದ್ದ ಆಗ್ತದೆ. ಹೇಗೂ ಮಳೆ ಹಿಡಿದ ಮೇಲೆ ಓದೋಕೆ ಟೈಮ್ ಸಿಗುತ್ತಲ್ಲ.

ಮೊದಲು ಜೀಪಿನ ಹುಟ್ಟು. 1940ರ ಜುಲೈಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು ಒಂದು ಚಿಕ್ಕ ನಾಲ್ಕು ಚಕ್ರ ಎಳೆತದ ಗಾಡಿ ಬೇಕು ಅಂತ ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ತೂಕ 1300 ಪೌಂಡ್ ದಾಟಬಾರದು, ಅಂದರೆ ಆರುನೂರು ಕೆಜಿಗೂ ಕಡಿಮೆ. ಅದು ಯಾರಿಂದಲೂ ಆಗದ ಮಾತು, ಆಮೇಲೆ ಸೈನ್ಯವೇ ಮಿತಿ ಏರಿಸಿತು. ಬ್ಯಾಂಟಮ್ ಅನ್ನೋ ಸಣ್ಣ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರನ್ನು ಕರೆಸಿ, ಸೆಪ್ಟೆಂಬರ್ 23ಕ್ಕೆ ಗಾಡಿ ತಂದು ನಿಲ್ಲಿಸಿತು. ಆಮೇಲೆ ದೊಡ್ಡ ಆರ್ಡರ್ ಸಿಕ್ಕಿದ್ದು ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯೋದರೊಳಗೆ ಆರು ಲಕ್ಷಕ್ಕೂ ಮೇಲೆ ಜೀಪು ತಯಾರಾದವು. ವಿಲ್ಲಿಸ್‌ನವರು ಹೊಸ ತೂಕದ ಮಿತಿಗೆ ಬರೋಕೆ ಬೋಲ್ಟಿನ ಉದ್ದವನ್ನೂ ಕತ್ತರಿಸಿದರಂತೆ. ಕೊನೆಗೆ ಇನ್ನೊಂದು ಕೋಟ್ ಬಣ್ಣ ಹೊಡೆದರೆ ತೂಕ ಮೀರುತ್ತಿತ್ತು ಅನ್ನೋ ಮಾತಿದೆ.

ಆ ಬಣ್ಣದ ಕಥೆ ನಿಜವೋ ಉತ್ಪ್ರೇಕ್ಷೆಯೋ, ಗಾಡಿಯ ಸ್ವಭಾವ ಮಾತ್ರ ಅದರಲ್ಲಿ ಪೂರ್ತಿ ಇದೆ. ಬೇಗ ಆಗಬೇಕು, ಹಗುರ ಇರಬೇಕು, ಯುದ್ಧ ಮುಗಿಯೋವರೆಗೆ ಬಾಳಿದರೆ ಸಾಕು. ಕಾರಿನ ಹಾಗೆ ಉಬ್ಬು ತಗ್ಗಿನ ತಗಡು ಒತ್ತೋಕೆ ದೊಡ್ಡ ಅಚ್ಚು ಬೇಕು, ಅಚ್ಚು ಮಾಡೋಕೆ ತಿಂಗಳುಗಟ್ಟಲೆ ಬೇಕು. ಹಾಗಾಗಿ ಎಲ್ಲ ಚಪ್ಪಟೆ. ಮಡ್‌ಗಾರ್ಡ್ ಅಂದರೆ ಮಡಚಿದ ಹಲಗೆ. ಬಾನೆಟ್ಟು ಹಾಗೇ, ಪಕ್ಕದ ಗೋಡೆಯೂ ಹಾಗೇ. ಎಪ್ಪತ್ತು ಎಂಬತ್ತು ವರ್ಷದ ಮೇಲೆ ನಮ್ಮಂಥವರು ಅಂಗಳದಲ್ಲಿ ಕೂತು ಒಂದು ಗ್ರೈಂಡರ್, ಒಂದು ಸುತ್ತಿಗೆ ಇಟ್ಕೊಂಡು ಇದನ್ನು ರಿಪೇರಿ ಮಾಡೋಕಾಗೋದು ಅದೇ ಕಾರಣಕ್ಕೆ. ಈಗಿನ ಕಾರಿನ ಬಾಗಿಲು ತುಕ್ಕು ಹಿಡಿದರೆ ಹೊಸ ಬಾಗಿಲು ತರಬೇಕು. ಜೀಪಿಗೆ ಒಂದು ಹಾಳೆ ತಗಡು ತಂದರೆ ಆಯ್ತು.

ಆದರೆ ಚಪ್ಪಟೆ ತಗಡಿಗೆ ತನ್ನದೇ ಬಲ ಇಲ್ಲ. ಕಾಲಿಟ್ಟರೆ ಬಗ್ಗುತ್ತೆ. ಬಲ ಬರೋಕೆ ಅಂಚು ಮಡಚಬೇಕು, ಅಡಿಗೆ ಪಟ್ಟಿ ಕೊಡಬೇಕು. ಜೀಪಿನ ಅಡಿಯಲ್ಲಿ ಅಡ್ಡಡ್ಡ ಕೂರಿಸಿರೋ ಪಟ್ಟಿಗಳನ್ನು ನೋಡಿರಬಹುದು, ಟೋಪಿಯನ್ನು ಬೋರಲು ಹಾಕಿದ ಹಾಗೆ ಇರ್ತವೆ. ಅವನ್ನು ಟೋಪಿ ಚಾನಲ್ ಅಂತಲೇ ಕರೀತಾರೆ. ಯುದ್ಧಕಾಲದ ವಿಲ್ಲಿಸ್‌ನಲ್ಲಿ ಆ ಚಾನಲ್ಲಿನ ಒಳಗೆ ಮರದ ರೀಪು ತುಂಬಿರ್ತಿದ್ದರು, ಬೋಲ್ಟ್ ಬಿಗಿದಾಗ ತಗಡು ಅಪ್ಪಚ್ಚಿ ಆಗಬಾರದು ಅಂತ. ಮರ ನೀರು ಕುಡಿದು ಕೂತರೆ ಏನಾಗ್ತದೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮೇಲಿನಿಂದ ಬಣ್ಣ ಹೊಳೀತಾ ಇರುತ್ತೆ, ಒಳಗೆ ಮರ ವರ್ಷಪೂರ್ತಿ ಒದ್ದೆ. ಇವತ್ತಿಗೂ ಹಳೇ ಜೀಪು ರಿಪೇರಿ ಮಾಡೋ ಅಮೆರಿಕದವರು ಮೊದಲು ನೋಡೋ ಜಾಗ ಅದೇ ಚಾನಲ್ಲು.

ನಮ್ಮ ಜೀಪಿನ ಚಾನಲ್ಲಲ್ಲಿ ಮರ ಇರಲಿಲ್ಲ. ಬಿಚ್ಚಿದಾಗ ಮಣ್ಣು ಸಿಕ್ಕಿತು, ಗಟ್ಟಿಯಾಗಿ ಮೆತ್ತಿದ ಕೆಮ್ಮಣ್ಣು. ಅದರಲ್ಲಿ ಅಡಿಕೆ ಸಿಪ್ಪೆ, ಒಂದು ಐವತ್ತು ಪೈಸೆ ನಾಣ್ಯ, ಯಾವ ಕಾಲದ್ದೋ ಬತ್ತದ ಜಳ್ಳು. ಮರದ ಕೆಲಸವನ್ನು ಮಣ್ಣು ಮಾಡಿತ್ತು ಅಷ್ಟೇ.

ನಮ್ಮ ದೇಶಕ್ಕೆ ಈ ಗಾಡಿ ಎರಡು ದಾರಿಯಲ್ಲಿ ಬಂತು. ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾಗಿ ಹರಾಜಾದವು ಒಂದು. ನಮ್ಮ ಕಡೆ ಹಳಬರು ಈಗಲೂ ಡಿಸ್ಪೋಸಲ್ ಜೀಪು ಅಂತಾರಲ್ಲ, ಅವು. ಇನ್ನೊಂದು ಮಹೀಂದ್ರ. 1945ರಲ್ಲಿ ಶುರುವಾದಾಗ ಕಂಪನಿಯ ಹೆಸರು ಮಹೀಂದ್ರ ಅಂಡ್ ಮೊಹಮ್ಮದ್. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ವಿಭಜನೆಯಾದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿ ಆದರು. 1948ರಲ್ಲಿ ಹೆಸರು ಮಹೀಂದ್ರ ಅಂಡ್ ಮಹೀಂದ್ರ ಆಯ್ತು. ಮೊದಮೊದಲು ಅಮೆರಿಕದಿಂದ ಬಿಡಿ ಭಾಗ ತರಿಸಿ ಮುಂಬಯಿಯ ಮಜಗಾಂವ್‌ನಲ್ಲಿ ಜೋಡಿಸ್ತಿದ್ದರು. 1954ರ ಒಪ್ಪಂದದ ಮೇಲೆ ಹಂತಹಂತವಾಗಿ ಇಲ್ಲೇ ತಯಾರಿಕೆ. ಅಮೆರಿಕದಲ್ಲಿ ಸಿಜೆ 3ಬಿ ಅನ್ನೋ ಎತ್ತರದ ಬಾನೆಟ್ಟಿನ ಜೀಪು 1968ಕ್ಕೆ ನಿಂತು ಹೋಯ್ತು, ನಮ್ಮಲ್ಲಿ ಅದೇ ಮೂತಿ ಎಷ್ಟೋ ವರ್ಷ ಓಡಿತು. ಆಮೇಲೆ ಅದಕ್ಕೆ ಕೂರಿಸಿದ ಡೀಸೆಲ್ ಇಂಜಿನ್ ಯಾವುದು ಗೊತ್ತಾ? ನಮ್ಮ ಬಿ 275 ಟ್ರ್ಯಾಕ್ಟರಿನದೇ. ಗದ್ದೆ ಉಳೋ ಇಂಜಿನ್ನೇ ಘಾಟಿ ಹತ್ತಿಸಿತು. 540ಕ್ಕೆ ಬಂದಿದ್ದು ಪೂಜೋ ಡೀಸೆಲ್. ಇಂಜಿನ್ ಮೂರು ಸಲ ಬದಲಾದರೂ ಚಪ್ಪಟೆ ತಗಡು, ಮಡಚಿದ ಅಂಚು, ಅಡಿಯ ಟೋಪಿ ಚಾನಲ್ಲು ಹಾಗೇ ಉಳಿದವು. ಅಂದರೆ ಮೂರು ನಾಲ್ಕು ವರ್ಷ ಬಾಳಿದರೆ ಸಾಕು ಅಂತ ಯುದ್ಧಕ್ಕೆ ಮಾಡಿದ ತಗಡಿನ ವಿನ್ಯಾಸ ಮಲೆನಾಡಿನ ಮಳೆಗೆ ಬಂದು ಸಿಕ್ಕಿಕೊಂಡಿತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟಿ ಸುರಿಯೋ ಮಳೆ ಆ 1940ರ ಪತ್ರದಲ್ಲಿ ಎಲ್ಲಿತ್ತು?

ಆದರೆ ಮಳೆಯೊಂದನ್ನೇ ಬೈಯೋದು ಸರಿಯಲ್ಲ. ಮಳೆ ಎಲ್ಲರ ಗಾಡಿ ಮೇಲೂ ಬೀಳುತ್ತೆ. ಪೇಟೆಯಲ್ಲಿ ಬಾಡಿಗೆ ಓಡಿಸೋ ಜೀಪುಗಳು ನಮ್ಮದಕ್ಕಿಂತ ಹೆಚ್ಚು ಮಳೆ ತಿಂದಿವೆ, ಅವುಗಳ ಹಿಂಭಾಗದ ಫ್ಲೋರು ನಮ್ಮಷ್ಟು ಹಾಳಾಗಿಲ್ಲ. ತೋಟಗಾರರ ಜೀಪಿನ ಹಿಂಭಾಗ ಬೇಗ ಯಾಕೆ ಹೋಗ್ತದೆ?

ಉತ್ತರ ನಮ್ಮ ಕೈಯಲ್ಲೇ ಇದೆ. ಔಷಧಿ ಕೂಡಿಸುವಾಗ ನಾವೇನು ಮಾಡ್ತೀವಿ? ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಸಾಕಾಯ್ತಾ ಇಲ್ವಾ ಅಂತ ನೋಡೋಕೆ ಹೊಳೆಯೋ ಕತ್ತಿ ಅದ್ದಿ ತೆಗೀತೀವಿ. ಕತ್ತಿ ಕೆಂಪಗಾದರೆ ಇನ್ನೂ ಸುಣ್ಣ ಬೇಕು. ಆ ಕೆಂಪು ತುಕ್ಕಲ್ಲ, ತಾಮ್ರ. ದ್ರಾವಣದಲ್ಲಿದ್ದ ತಾಮ್ರ ಹೊರಬಂದು ಕತ್ತಿಗೆ ಅಂಟುತ್ತೆ, ಅದರ ಬದಲಿಗೆ ಕತ್ತಿಯ ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತೆ. ಕೊಟ್ಟು ತಗೊಳ್ಳೋ ವ್ಯಾಪಾರ. ಕತ್ತಿ ಅರ್ಧ ನಿಮಿಷ ಇದ್ದರೇ ಅಷ್ಟು ಕೆಂಪಾಗ್ತದೆ. ಹಾಗಾದರೆ ಮೈಲುತುತ್ತದ ಚೀಲ ಒಡೆದು ಹರಳು ಚೆಲ್ಲಿದ, ಸುಣ್ಣ ಸೇರಿಸೋಕೆ ಮುಂಚಿನ ನೀಲಿ ನೀರು ಡ್ರಮ್ಮಿಂದ ತುಳುಕಿದ ಜೀಪಿನ ಫ್ಲೋರು ಇಪ್ಪತ್ತು ಮಳೆಗಾಲ ಏನಾಗಿರಬಹುದು? ನೀರು ಒಣಗಿದ ಮೇಲೂ ತಾಮ್ರದ ಕಣ ಅಲ್ಲೇ ಕೂತಿರುತ್ತೆ. ಮುಂದೆ ಬರೀ ಮಳೆನೀರು ಬಿದ್ದರೂ ಆ ಕಣದ ಸುತ್ತ ಕಬ್ಬಿಣ ಸವೀತಾ ಹೋಗುತ್ತೆ. ಸರಿಯಾಗಿ ಸುಣ್ಣ ಬಿದ್ದ ಔಷಧಿ ಇಷ್ಟು ಕೆಡುಕಲ್ಲ, ಕೆಡುಕು ಮಾಡೋದು ಬರೀ ತುತ್ತದ ನೀರು. ಪೊಟ್ಯಾಷ್ ಚೀಲ ಸೋರಿದ್ದೂ ಸೇರಿಸಿಕೊಳ್ಳಿ, ಅದೂ ಉಪ್ಪಿನ ಜಾತಿಯೇ, ಗಾಳಿಯ ತೇವ ಎಳೆದು ತಗಡನ್ನು ಒದ್ದೆ ಇಡುತ್ತೆ.

ತಾಮ್ರ ಕಬ್ಬಿಣವನ್ನು ತಿನ್ನುತ್ತೆ ಅನ್ನೋದನ್ನು ಇಂಗ್ಲಿಷರ ನೌಕಾಪಡೆ 1760ರ ದಶಕದಲ್ಲಿ ದುಡ್ಡು ಕೊಟ್ಟು ಕಲಿತಿತ್ತು. ಮರದ ಹಡಗಿನ ಅಡಿಯನ್ನು ಸಮುದ್ರದ ಹುಳ ಕೊರೀತಿತ್ತು. ಅದಕ್ಕೆ 1761ರಲ್ಲಿ ಅಲಾರ್ಮ್ ಅನ್ನೋ ಯುದ್ಧನೌಕೆಯ ತಳಕ್ಕೆಲ್ಲ ತಾಮ್ರದ ತಗಡು ಹೊಡೆದು ವೆಸ್ಟ್ ಇಂಡೀಸ್ ಕಡೆ ಕಳಿಸಿದರು. ಹುಳ ಏನೋ ಬರಲಿಲ್ಲ. ಆದರೆ ಎರಡು ವರ್ಷದ ಮೇಲೆ ನೋಡಿದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ಕರಗಿ ಮುದ್ದೆಯಾಗಿದ್ದವು. ಕೆಲವು ಮೊಳೆ ಮಾತ್ರ ಚೆನ್ನಾಗಿದ್ದವು. ಯಾಕೆ ಅಂತ ನೋಡಿದರೆ ತಾಮ್ರದ ತಗಡು ಸುತ್ತಿ ಬಂದಿದ್ದ ಕಂದು ಕಾಗದವನ್ನು ಆ ಜಾಗದಲ್ಲಿ ಕೆಲಸದವರು ತೆಗೆಯದೆ ಹಾಗೇ ಹೊಡೆದಿದ್ದರು. ಕಾಗದ ನಡುವೆ ಇದ್ದದ್ದರಿಂದ ಮೊಳೆ ಉಳಿಯಿತು. ಸೋಮಾರಿತನದಿಂದಲೂ ಒಮ್ಮೊಮ್ಮೆ ವಿದ್ಯೆ ಬರ್ತದೆ ನೋಡಿ.

1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ಅದೇ ನೌಕಾಪಡೆಗೆ ಇದರ ತಿರುವುಮುರುವು ತೋರಿಸಿದ: ತಾಮ್ರಕ್ಕೆ ಸತುವು ಅಥವಾ ಕಬ್ಬಿಣದ ತುಂಡು ಕಟ್ಟಿದರೆ ಆ ತುಂಡು ಸವೆದು ತಾಮ್ರ ಉಳಿಯುತ್ತೆ. ಎರಡು ಲೋಹ ಒದ್ದೆಯಲ್ಲಿ ಕೂಡಿದರೆ ಒಂದು ಇನ್ನೊಂದಕ್ಕಾಗಿ ಸಾಯುತ್ತೆ ಅಂತ. ಕಬ್ಬಿಣದ ಪಕ್ಕ ತಾಮ್ರ ಬಂದರೆ ಸಾಯೋದು ಕಬ್ಬಿಣ. ಕಬ್ಬಿಣದ ಪಕ್ಕ ಸತುವು ಬಂದರೆ ಸಾಯೋದು ಸತುವು. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬವನು ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದೋದಕ್ಕೆ ಪೇಟೆಂಟ್ ಪಡೆದ. ನಮ್ಮ ಕೊಟ್ಟಿಗೆ ಮೇಲಿನ ಜಿಂಕ್ ಶೀಟು ಅದರ ಮರಿಮೊಮ್ಮಗ. ಅಷ್ಟು ಹಳೇ ವಿದ್ಯೆಯಾದರೂ ಕಾರಿನ ಬಾಡಿಗೆ ಬರೋಕೆ ನೂರು ವರ್ಷದ ಮೇಲೆ ಹಿಡಿಯಿತು. ಯುರೋಪಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಚೆಲ್ಲಿ ಹಿಮ ಕರಗಿಸ್ತಾರೆ, ಕಾರುಗಳು ಐದಾರು ವರ್ಷಕ್ಕೆ ತೂತಾಗ್ತಿದ್ದವು. 1970ರ ದಶಕದ ನಡುವೆ ಪೋರ್ಷೆ, 80ರ ದಶಕದಲ್ಲಿ ಆಡಿ, ಹೀಗೆ ಒಬ್ಬೊಬ್ಬರೇ ಸತುವು ಲೇಪಿಸಿದ ತಗಡಿಗೆ ಬಂದರು. ನಮ್ಮ 91ರ ಜೀಪಿನ ತಗಡು ಬರೀ ಕಬ್ಬಿಣ, ಮೇಲೆ ಬಣ್ಣ.

ಮೈಲುತುತ್ತ ಜೀಪಿಗಿಂತ ಮೊದಲೇ ಇಲ್ಲಿಗೆ ಬಂದಿತ್ತು. ಫ್ರಾನ್ಸಿನ ಬೋರ್ಡೋದಲ್ಲಿ ದಾರಿಬದಿಯ ದ್ರಾಕ್ಷಿಯನ್ನು ಹೋಗಿ ಬರೋರು ಕೀಳ್ತಾರೆ ಅಂತ ರೈತರು ತುತ್ತ ಸುಣ್ಣ ಬಳಿದಿದ್ದರು, ವಿಷದ ಹಾಗೆ ಕಾಣಲಿ ಅಂತ. ಬಳಿದ ಬಳ್ಳಿಗೆ ರೋಗ ಬರದ್ದನ್ನು ಮಿಲಾರ್ಡೆ ಎಂಬ ಪ್ರಾಧ್ಯಾಪಕ ಗಮನಿಸಿ 1885ರಲ್ಲಿ ಪ್ರಕಟಿಸಿದ. ನಮ್ಮಲ್ಲಿಗೆ ಅದನ್ನು ತಂದವರು ಕೆನಡಾದ ಲೆಸ್ಲಿ ಕೋಲ್ಮನ್. 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದು, 1910ರಲ್ಲಿ ಅಡಿಕೆ ಕೊಳೆರೋಗದ ಬಗ್ಗೆ ಬರೆದು, ಗೊನೆಗೆ ಬೋರ್ಡೋ ಹೊಡೀರಿ ಅಂದರು. ಅವರಿಂದ ನಮ್ಮ ಅಜ್ಜಂದಿರ ತೋಟ ಉಳಿಯಿತು. ಆಗ ತುತ್ತ ಹೊರ್ತಿದ್ದದ್ದು ತಲೆಹೊರೆಯಲ್ಲಿ, ಎತ್ತಿನ ಗಾಡಿಯಲ್ಲಿ. ಮರದ ಗಾಡಿಗೆ ತುತ್ತ ಏನೂ ಮಾಡಲಿಲ್ಲ. ಕಬ್ಬಿಣದ ಗಾಡಿ ಬಂದ ಮೇಲೂ ನಾವು ಹಾಗೇ ಹೊತ್ತೆವು.

ಇನ್ನು ರಿಪೇರಿಯ ಕಥೆ. ಇದರಲ್ಲಿ ನನ್ನ ತಪ್ಪೂ ಒಂದಿದೆ, ಅದನ್ನು ಆಮೇಲೆ ಹೇಳ್ತೀನಿ.

ವೆಲ್ಡಿಂಗ್ ಬರೋಕೆ ಮುಂಚೆ ತೂತು ಮುಚ್ಚೋಕೆ ಇದ್ದದ್ದು ರಿವೆಟ್ಟು. ಅಡಿಕೆ ಬೇಯಿಸೋ ಹಳೇ ತಾಮ್ರದ ಹಂಡೆಗೆ ತೇಪೆ ಹಾಕಿದ್ದನ್ನು ಈಗಲೂ ಕೆಲವರ ಮನೇಲಿ ನೋಡಬಹುದು. ಆಕ್ಸಿಜನ್ ಮತ್ತು ಅಸಿಟಿಲಿನ್ ಸೇರಿಸಿ ಉರಿಸೋ ಟಾರ್ಚು ಫ್ರಾನ್ಸಿನಲ್ಲಿ 1903ರ ಹೊತ್ತಿಗೆ ಬಂತು. ತಗಡನ್ನು ತಗಡಿಗೇ ಕರಗಿಸಿ ಕೂಡಿಸೋದು ಅಲ್ಲಿಂದ ಸಲೀಸಾಯ್ತು. ಆದರೆ ಗ್ಯಾಸ್ ಬಿಸಿಗೆ ತಗಡು ಸುಕ್ಕಾಗ್ತದೆ, ಜೋಡಣೆ ಕಾಣ್ತದೆ. ಅದನ್ನು ನುಣುಪು ಮಾಡೋಕೆ ಆಗಿನ ಕಾರಿನವರು ಬಳಸಿದ್ದು ಸೀಸ. ನೂರಕ್ಕೆ ಮೂವತ್ತು ಭಾಗ ತವರ, ಎಪ್ಪತ್ತು ಭಾಗ ಸೀಸ. ಈ ಬೆರಕೆಯ ಗುಣ ಏನೆಂದರೆ 183 ಡಿಗ್ರಿಗೆ ಮೆತ್ತಗಾಗೋಕೆ ಶುರುವಾಗಿ ಸುಮಾರು 255 ಡಿಗ್ರಿವರೆಗೆ ಪೂರ್ತಿ ನೀರಾಗದೆ ಬೆಣ್ಣೆಯ ಹಾಗೇ ಇರುತ್ತೆ. ಅಷ್ಟರೊಳಗೆ ಗಟ್ಟಿ ಮರದ ಹಲಗೆಯಿಂದ ತಗಡಿನ ಮೇಲೆ ಸವರಬಹುದು. ಸೀಸ ಹಿಡಿಯಬೇಕಾದರೆ ಮೊದಲು ಕಬ್ಬಿಣ ಪಳಪಳ ಉಜ್ಜಿ ತವರ ಹತ್ತಿಸಬೇಕು. ಊರಿಗೆ ಕಲಾಯಿಯವರು ಬಂದಾಗ ನವಸಾಗರ ಉದುರಿಸಿ, ಹತ್ತಿಯಿಂದ ಪಾತ್ರೆಗೆ ತವರ ಸವರೋದು ಚಿಕ್ಕವರಿದ್ದಾಗ ಸುತ್ತ ಕೂತು ನೋಡ್ತಿದ್ದೆವಲ್ಲ, ಅದೇ ಕೆಲಸ. ಆ ಹೊಗೆಯ ವಾಸನೆ ಈಗಲೂ ಮೂಗಲ್ಲಿದೆ ನನಗೆ.

ಸೀಸದ ಕೆಲಸದಲ್ಲಿ ಒಂದು ಪ್ರಾಮಾಣಿಕತೆ ಇತ್ತು: ತುಕ್ಕಿನ ಮೇಲೆ ಅದು ಹಿಡಿಯೋದೇ ಇಲ್ಲ. ಶುದ್ಧ ಲೋಹ ಸಿಗೋವರೆಗೆ ಉಜ್ಜಲೇಬೇಕು, ತೂತಿದ್ದರೆ ಮೊದಲು ತಗಡಿನಿಂದಲೇ ಮುಚ್ಚಬೇಕು. ಕಷ್ಟ ಅಂದರೆ ಅದು ವಿಷ, ಹೊಗೆ ಧೂಳು ಎರಡೂ ಮೈಗೆ ಸೇರುತ್ತೆ. ಕಲಿತ ಕೈಯೂ ಬೇಕು. 1950ರ ದಶಕದಲ್ಲಿ ಅಮೆರಿಕದಲ್ಲಿ ಪಾಲಿಯೆಸ್ಟರ್ ಪುಟ್ಟಿ ಬಂತು. ರಾಳಕ್ಕೆ ಸುದ್ದೆಪುಡಿಯಂಥ ಟಾಲ್ಕ್ ಕಲಸಿದ ಮುದ್ದೆ, ಚಿಟಿಕೆ ಹಾರ್ಡನರ್ ಸೇರಿಸಿದರೆ ಹತ್ತಿಪ್ಪತ್ತು ನಿಮಿಷಕ್ಕೆ ಕಲ್ಲು. ಬೆಂಕಿ ಬೇಡ, ವಿದ್ಯೆಯೂ ಅಷ್ಟೇನೂ ಬೇಡ. ಸಣ್ಣ ತಗ್ಗು ತುಂಬೋಕೆ ಅದು ನಿಜಕ್ಕೂ ಒಳ್ಳೇ ವಸ್ತು, ನಾನು ಬೈಯಲ್ಲ. ತೊಂದರೆ ಏನೆಂದರೆ ಅದು ತುಕ್ಕಿನ ಮೇಲೂ ಕೂರುತ್ತೆ. ತೂತಿನ ಮೇಲೂ, ಒಳಗೆ ಪೇಪರ್ ತುರುಕಿದರೆ ಅದರ ಮೇಲೂ ಕೂರುತ್ತೆ. ಟಾಲ್ಕ್ ಇರೋದ್ರಿಂದ ಸೂಕ್ಷ್ಮ ರಂಧ್ರಗಳಲ್ಲಿ ತೇವ ಎಳೆಯುತ್ತೆ. ಹಿಂದಿನಿಂದ ನೀರು ಬಂದರೆ ಪುಟ್ಟಿಯ ಅಡಿಯಲ್ಲೇ ತುಕ್ಕು ಬೆಳೆಯುತ್ತೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಕೆಲವು ಪಟ್ಟು ಹೆಚ್ಚು ಜಾಗ ತಗೊಳ್ಳುತ್ತೆ, ಹಾಗಾಗಿ ಎರಡು ತಗಡಿನ ನಡುವೆ ಸೇರಿದರೆ ಬೆಣೆ ಹೊಡೆದ ಹಾಗೆ ಬಿಡಿಸ್ತದೆ. ಬಣ್ಣದ ಮೇಲೆ ಸಣ್ಣ ಗುಳ್ಳೆ ಕಂಡಿತು ಅಂದರೆ ಆ ಜಾಗದಲ್ಲಿ ಒಳಗಿನ ಕೆಲಸ ಬಹಳ ಹಿಂದೆಯೇ ಮುಗಿದಿದೆ ಅಂತ.

2011ರಲ್ಲಿ ನಮ್ಮ ಜೀಪು ಆರ್‌ಸಿ ನವೀಕರಣಕ್ಕೆ ಬಂದಿತ್ತು. ಪೇಟೆಯ ಒಂದು ಟಿಂಕರಿಂಗ್ ಶೆಡ್ಡಿಗೆ ಬಿಟ್ಟೆ. ಅಲ್ಲಿನ ಮೇಸ್ತ್ರಿ ಅಡಿಗೆ ಮಲಗಿ ನೋಡಿ ಕೇಳಿದ್ದು ನನಗೆ ಅಕ್ಷರಕ್ಕೆ ಅಕ್ಷರ ನೆನಪಿದೆ: "ಗೌಡ್ರೆ, ಕತ್ತರಿಸಿ ಹಾಕೋದಾ, ಇಲ್ಲ ಪಾಸ್ ಮಾಡೋದಾ?" ಆ ವರ್ಷ ಅಡಿಕೆ ರೇಟು ಬಿದ್ದಿರಲಿಲ್ಲ, ದುಡ್ಡಿಲ್ಲ ಅನ್ನೋ ಹಾಗೂ ಇರಲಿಲ್ಲ. ಹದಿನೈದು ದಿನ ಗಾಡಿ ಬಿಡಬೇಕಲ್ಲ ಅನ್ನೋ ಸೋಮಾರಿತನ. ಪಾಸ್ ಮಾಡಿ ಅಂದೆ. ಮೂರು ದಿನದಲ್ಲಿ ಜೀಪು ಹೊಸದರ ಹಾಗೆ ಬಂತು. ಬೆರಳಿನಿಂದ ತಟ್ಟಿದರೆ ತಗಡಿನ ಟಣ್ ಸದ್ದಿನ ಬದಲು ಡಬ್ ಅಂತಿತ್ತು. ಗೊತ್ತಾಯ್ತು. ಗೊತ್ತಾಗದ ಹಾಗೆ ಇದ್ದೆ.

ಮರುವರ್ಷ ಮಳೆಗಾಲ, ಎರಡನೇ ಔಷಧಿ. ಹಿಂದೆ ಇನ್ನೂರು ಲೀಟರಿನ ಡ್ರಮ್ಮು, ಪಕ್ಕದಲ್ಲಿ ಮರ ಹತ್ತೋ ಇಬ್ಬರು. ತೋಟದ ಇಳಿಜಾರಲ್ಲಿ ಒಂದು ಗುಂಡಿಗೆ ಚಕ್ರ ಇಳಿಯಿತು. ಬಾಡಿ ಬೋಲ್ಟು ಕೂರೋ ಚಾನಲ್ಲು ಕಿತ್ತು ಬಂದು, ಫ್ಲೋರು ಒಂದು ಮೂಲೆ ಕುಸಿದು, ಡ್ರಮ್ಮು ಅತ್ತ ವಾಲಿ ಅವರಲ್ಲಿ ಒಬ್ಬರ ಕಾಲಿನ ಮೇಲೆ ಬಿತ್ತು. ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು. ನನಗಿಂತ ಹತ್ತು ವರ್ಷ ದೊಡ್ಡವರು, ನಮ್ಮ ತೋಟಕ್ಕೆ ಅಪ್ಪನ ಕಾಲದಿಂದ ಬರ್ತಿದ್ದವರು. ಆಸ್ಪತ್ರೆ ಖರ್ಚು ಕೊಟ್ಟೆ, ಆರು ತಿಂಗಳ ಕೂಲಿ ಕೊಟ್ಟೆ. ಅವರು ಆಮೇಲೆ ಮರ ಹತ್ತಲಿಲ್ಲ. ಈಗಲೂ ಬರ್ತಾರೆ, ಕೂತು ಅಡಿಕೆ ಸುಲೀತಾರೆ. ಆ ಜೀಪಿಗೆ ಮಾತ್ರ ಹತ್ತಲ್ಲ, ನಡೆದೇ ಬರ್ತಾರೆ. ಒಂದು ಮಾತೂ ಅಂದಿಲ್ಲ ಇಲ್ಲಿವರೆಗೆ.

ಮೇಸ್ತ್ರಿಯನ್ನು ದೂರೋಕೆ ನನಗೆ ಬಾಯಿಲ್ಲ. ಅವರು ಕೇಳಿದ್ದರು.

ಆಮೇಲೂ ನಾನು ಮಾಡಿದ್ದು ಏನು? ಹಿಂದಿನ ಫ್ಲೋರಿನ ಮೇಲೆ ಒಂದು ದಪ್ಪ ಚೆಕರ್ ಪ್ಲೇಟ್ ಹಾಸಿ ಬೋಲ್ಟ್ ಹಾಕಿಸಿದೆ. ಕೊಳೆತದ್ದರ ಮೇಲೆ ಗಟ್ಟಿಯದು. ನಡುವೆ ನೀರು ನಿಂತು ಉಳಿದದ್ದೂ ಕೊಳೆಯಿತು. ಈ ಸಲ ಮ್ಯಾಟ್ ಎತ್ತಿ ಡ್ರೈವರ್ ಕಾಲಡಿ ಸ್ಕ್ರೂಡ್ರೈವರ್ ಒತ್ತಿದೆ, ಹಿಡಿಕೆವರೆಗೆ ಇಳಿಯಿತು. ಬಿಸ್ಕತ್ತಿಗೆ ಚುಚ್ಚಿದ ಹಾಗೆ. ಅವತ್ತೇ ತೀರ್ಮಾನ ಮಾಡಿದೆ, ಈ ಸಲ ಪೂರ್ತಿ ಬಿಚ್ಚೋದು, ಇಲ್ಲಾ ತಮ್ಮ ಹೇಳಿದ ಹಾಗೆ ಗುಜರಿಗೆ.

ಈಗ ಕೆಲಸ ಮಾಡ್ತಿರೋದು ಘಾಟಿ ಕೆಳಗಿನಿಂದ ಬಂದಿರೋ ಒಬ್ಬ ವಯಸ್ಸಾದ ಮೇಸ್ತ್ರಿ ಮತ್ತು ಅವರ ಮಗ. ಬ್ಯಾಟರಿ ಬಿಚ್ಚಿ, ಡೀಸೆಲ್ ಟ್ಯಾಂಕ್ ಇಳಿಸಿ ದೂರ ಇಟ್ಟ ಮೇಲೇ ಅವರು ಬೆಂಕಿ ಹಚ್ಚಿದ್ದು. ಮೊದಲ ಎರಡು ದಿನ ಬರೀ ಸುತ್ತಿಗೆಯ ಚೂಪು ತುದಿಯಿಂದ ತಟ್ಟಿ ನೋಡಿದರು. ಸೀಮೆಸುಣ್ಣದಲ್ಲಿ ಗೆರೆ ಎಳೆದರು. ನಾನು ಅಂಗೈ ಅಗಲ ಅಂದುಕೊಂಡಿದ್ದ ತೂತಿಗೆ ಅವರು ಎಳೆದ ಗೆರೆ ಅನ್ನದ ತಟ್ಟೆಗಿಂತ ದೊಡ್ಡದಿತ್ತು. "ಇಷ್ಟು ಯಾಕೆ?" ಅಂದೆ. "ಒಳ್ಳೇ ತಗಡು ಎಲ್ಲಿಂದ ಶುರು ಅಲ್ಲಿವರೆಗೆ ಹೋಗಬೇಕಲ್ಲ ಗೌಡ್ರೆ. ತೆಳು ತಗಡಿಗೆ ವೆಲ್ಡಿಂಗ್ ಇಟ್ಟರೆ ಅದೇ ತೂತಾಗ್ತದೆ" ಅಂದರು. ಅಳೆದು ನೋಡಿದೆ. ಚೆನ್ನಾಗಿರೋ ಕಡೆ 1.2 ಮಿಲಿಮೀಟರ್, ಗೆರೆಯ ಒಳಗೆ ಅರ್ಧವೂ ಇಲ್ಲ.

ರಟ್ಟಿನಲ್ಲಿ ಅಚ್ಚು ಕತ್ತರಿಸಿ, ಅದರ ಪ್ರಕಾರ 18 ಗೇಜ್ ತಗಡು ಕತ್ತರಿಸಿ, ಅಂಚು ಮಡಚಿ ಕೂರಿಸಿದರು. ವೆಲ್ಡಿಂಗ್ ಸಾಲಾಗಿ ಎಳೆಯಲಿಲ್ಲ. ಇಲ್ಲೊಂದು ಚುಕ್ಕೆ, ಒಂದು ಗೇಣು ಬಿಟ್ಟು ಅಲ್ಲೊಂದು, ಆಮೇಲೆ ಎದುರು ಅಂಚಿಗೆ ಇನ್ನೊಂದು, ಬಿಸಿ ಒಂದೇ ಕಡೆ ಸೇರದ ಹಾಗೆ. ಒಂದು ಕಡೆಯಿಂದ ಎಳೆದುಕೊಂಡು ಬಂದರೆ ಚಪ್ಪಟೆ ತಗಡು ಹಪ್ಪಳದ ಹಾಗೆ ಏಳುತ್ತೆ. ಉಬ್ಬಿದ ಕಡೆ ಅಡಿಗೆ ಡಾಲಿ ಹಿಡಿದು ಮೇಲಿಂದ ಕೊಡತಿಯಲ್ಲಿ ಹದವಾಗಿ ಬಡಿದು ಕೂರಿಸಿದರು.

ಹಳೇ ಜಿಂಕ್ ಶೀಟು ಮನೇಲಿ ಬಿದ್ದಿತ್ತು, ಅದನ್ನೇ ಹಾಕಿ ಅಂದೆ. ತುಕ್ಕೂ ಹಿಡಿಯಲ್ಲ ಅಂತ ನನ್ನ ಬುದ್ಧಿ. ಮೇಸ್ತ್ರಿ ಒಪ್ಪಲಿಲ್ಲ. ಸತುವಿನ ಮೇಲೆ ವೆಲ್ಡಿಂಗ್ ಮಾಡಿದರೆ ಏಳೋ ಬಿಳಿ ಹೊಗೆ ಕುಡಿದು ರಾತ್ರಿ ಚಳಿಜ್ವರ ಬರ್ತದೆ, ಅವರಿಗೆ ವಯಸ್ಸಲ್ಲಿ ಬಂದಿತ್ತಂತೆ. ಅದು ನಿಜ, ವೆಲ್ಡಿಂಗ್ ಮಾಡುವವರಿಗೆಲ್ಲ ಗೊತ್ತಿರೋ ಕಾಯಿಲೆ. ಮೇಲಾಗಿ ಸುಟ್ಟ ಜಾಗದಲ್ಲಿ ಸತುವೇ ಉಳಿಯಲ್ಲ. ಮನೇಲಿ ಯಾರಾದರೂ ತೇಪೆ ಹಾಕೋರಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ. ಸತುವು ಬೇಕಾದರೆ ವೆಲ್ಡಿಂಗ್ ಮುಗಿದ ಮೇಲೆ ಜಿಂಕ್ ಪ್ರೈಮರ್ ಹೊಡೆಯೋದು. ನಾವು ಅದನ್ನೇ ಮಾಡಿದೆವು, ಚಾನಲ್ಲಿನ ಒಳಗೂ ಸಹ.

ಇನ್ನೊಂದು ತಮಾಷೆ. ಅಂಗಡಿಯಲ್ಲಿ ತುಕ್ಕನ್ನು ಕಪ್ಪು ಮಾಡೋ ದ್ರಾವಣ ಸಿಗುತ್ತೆ. ಕೆಲವದರಲ್ಲಿ ಇರೋದು ಟ್ಯಾನಿಕ್ ಆಮ್ಲ, ಅಂದರೆ ಒಗರು. ಮೆಟ್ಟುಗತ್ತಿ ಅಡಿಕೆಯ ರಸಕ್ಕೆ ಕಪ್ಪಾಗೋದೂ ಅದೇ ಒಗರು ಕಬ್ಬಿಣ ಕೂಡಿ, ಅಳಲೆಕಾಯಿಗೆ ಕಬ್ಬಿಣ ಹಾಕಿ ಹಿಂದೆ ಶಾಯಿ ಮಾಡ್ತಿದ್ದದ್ದೂ ಅದೇ. ಸರಿ, ಮನೇಲಿ ಚೊಗರು ಇದೆಯಲ್ಲ ಅಂತ ಒಂದು ತುಂಡಿಗೆ ಬಳಿದು ನೋಡಿದೆ. ಚೆನ್ನಾಗಿ ಕಪ್ಪಾಯ್ತು. ನಾಲ್ಕು ದಿನ ಹೊರಗೆ ಇಟ್ಟೆ, ಮತ್ತೆ ಕೆಂಪಾಯ್ತು. ಅಂಗಡಿಯದರಲ್ಲಿ ಜೊತೆಗೆ ರಾಳವೂ ಇರುತ್ತೆ, ಅದು ಪೊರೆ ಕಟ್ಟುತ್ತೆ. ಚೊಗರಲ್ಲಿ ಬಣ್ಣ ಇದೆ, ಪೊರೆ ಇಲ್ಲ. ಮೇಸ್ತ್ರಿ ನಕ್ಕರು.

ನಮ್ಮ ಕಡೆ ಅಡಿಗೆ ಸುಟ್ಟ ಆಯಿಲ್ ಹೊಡೆಸೋ ರೂಢಿ ಇದೆ. ತುಕ್ಕು ತಡೆಯುತ್ತೆ, ಸುಳ್ಳಲ್ಲ. ಆದರೆ ರಬ್ಬರ್ ಬುಷ್ ಮೆತ್ತಗಾಗ್ತವೆ, ತೊಟ್ಟಿಕ್ಕಿದ್ದೆಲ್ಲ ತೋಟದ ಕಪ್ಪಿಗೆ, ಅಲ್ಲಿಂದ ಹಳ್ಳಕ್ಕೆ. ನಾನು ಬೇಡ ಅಂದೆ. ಅದರ ಬದಲು ಪ್ರತಿ ಚಾನಲ್ಲಿನ ತಗ್ಗಿನ ತುದಿಗೆ ಒಂದೊಂದು ತೂತು ಕೊರೆಸಿದ್ದೀನಿ, ಕಿರುಬೆರಳು ಹೋಗುವಷ್ಟು. ಹಳೇ ವಿಲ್ಲಿಸ್‌ನ ಫ್ಲೋರಿಗೆ ನೀರು ಬಿಡೋ ಬಿರಡೆ ಇತ್ತಂತೆ, ಅಲ್ಲಿಂದ ಬಂದ ಯೋಚನೆ. ತುಕ್ಕು ತಡೆಯೋಕೆ ತೂತು ಕೊರೆಯೋದು ನೋಡಿ ತಮ್ಮನಿಗೆ ನಗು.

ಪುಟ್ಟಿಯನ್ನೂ ಬಳಸಿದ್ದೀವಿ, ಪ್ರೈಮರಿನ ಮೇಲೆ, ಉಗುರಿನಷ್ಟು ದಪ್ಪ, ಎಡ ಮಡ್‌ಗಾರ್ಡಿನ ಎರಡು ತಗ್ಗಿಗೆ ಮಾತ್ರ. ಫ್ಲೋರಿಗೆ ಒಂದು ಚಮಚವೂ ಇಲ್ಲ.

ನಿನ್ನೆ ಸಂಜೆ ಮುಂಗಾರಿಗೆ ಮುಂಚಿನ ಒಂದು ಒಳ್ಳೇ ಮಳೆ ಬಂತು. ಬಾಡಿ ಇನ್ನೂ ಕಲ್ಲಿನ ಮೇಲೇ ಇದೆ. ಛತ್ರಿ ಹಿಡ್ಕೊಂಡು ಹೋಗಿ ಅಡಿಗೆ ಬಗ್ಗಿ ನೋಡಿದೆ. ಆರು ತೂತಲ್ಲಿ ಐದರಿಂದ ನೀರು ಸಣ್ಣ ಧಾರೆಯಾಗಿ ಇಳೀತಾ ಇತ್ತು. ಆರನೆಯದು ಬಣ್ಣ ತುಂಬಿ ಮುಚ್ಚಿಕೊಂಡಿತ್ತು, ಇವತ್ತು ಕಡ್ಡಿ ಹಾಕಿ ಬಿಡಿಸಿದೆ.

ತುತ್ತದ ಚೀಲಕ್ಕೆ ಇನ್ನು ಜೀಪಿನಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟಿ, ಡ್ರಮ್ಮಿನ ಅಡಿಗೆ ಹಲಸಿನ ಹಲಗೆ. ನೀಲಿ ನೀರು ತುಳುಕಿದ ದಿನ ಸಂಜೆಯೇ ಬಕೆಟ್ಟು ನೀರು ಹೊಡೆದು ತೊಳೆಯೋದು. ಬಾಡಿ ಚಾಸಿಗೆ ಕೂರಿಸೋದು ಶನಿವಾರ. ನಾಲ್ಕು ಜನ ಬೇಕು ಎತ್ತೋಕೆ, ಹತ್ತಿರದವರು ಬಿಡುವಿದ್ದರೆ ಬೆಳಿಗ್ಗೆ ಬನ್ನಿ, ತಿಂಡಿ ಇಲ್ಲೇ. ಹಿಂದಿನ ಟೈಲ್ ಬೋರ್ಡ್ ಮಾತ್ರ ರಿಪೇರಿಗೆ ನಿಲ್ಲೋ ಹಾಗಿಲ್ಲ, ಹಿಡಿದರೆ ಪುಡಿ. ಯಾರ ಮನೆ ಕೊಟ್ಟಿಗೆಯಲ್ಲಾದರೂ 540ದು ಹಳೇದೊಂದು ಬಿದ್ದಿದ್ದರೆ ಹೇಳಿ. ಪುಟ್ಟಿ ಹಾಕಿದ್ದು ಬೇಡ.